ಮೂರು ಸೊನ್ನೆ

ಬ್ರಿಜೀ ಎಲ್ಲಕ್ಕಿಂತ ಕಡೆಯಲ್ಲಿ ಬಂತು. ಆ ಕುದುರೆಯನ್ನು ಸಾಕಿ ಪಳಗಿಸಿದ ಡೆವೇನ್ ಟೋಪಿಯಲ್ಲಿ ಮುಖ ಮುಚ್ಚಿಕೊಂಡು ನಕ್ಕ.

ಸತತ ಮೂರನೇ ಸೋಲು. ಯಾವ ಕುದುರೆ ಎಷ್ಟು ಭಾರ ಹೊತ್ತು ಓಡಬೇಕೆಂದು ಗೊತ್ತುಮಾಡುವ ಅಧಿಕಾರಿ ನೋಡುವುದು ಇತ್ತೀಚಿನ ಓಟಗಳನ್ನು. ಗೆದ್ದ ಕುದುರೆಗೆ ಭಾರ ಏರಿಸುತ್ತಾನೆ, ಸೋತದ್ದಕ್ಕೆ ಇಳಿಸುತ್ತಾನೆ. ಸೆಪ್ಟೆಂಬರಿನ ದೊಡ್ಡ ಓಟಕ್ಕೆ ಬ್ರಿಜೀ ಹೊರೆ ಹೂವಿನಷ್ಟು ಹಗುರ!

ಜಾಕಿ ಫಿನ್‌ಬಾರ್ ಕೆಳಗಿಳಿದಾಗ ಅವನ ತೋಳುಗಳು ನಡುಗುತ್ತಿದ್ದವು, ಅಂಗಿ ಬೆವರಲ್ಲಿ ತೊಯ್ದಿತ್ತು. ಮುನ್ನುಗ್ಗುವ ಕುದುರೆಯನ್ನು ತಡೆದು ಹಿಡಿಯುವುದೆಂದರೆ ಹುಡುಗಾಟವೇ?

"ಸೈ ಕಣಯ್ಯಾ! ಹೇಳಿದ ಹಾಗೇ ಹಿಡಿದೆ. ಯಾರಿಗೂ ಅನುಮಾನ ಬರ್ಲಿಲ್ಲ" ಎಂದು ಡೆವೇನ್ ಪಿಸುಗುಟ್ಟಿದ.

"ಇದಕ್ಕಿಂತ ಹೆಚ್ಚು ನನ್ನ ಕೈಲಾಗಲ್ಲ ಯಜಮಾನ್ರೇ." ಫಿನ್‌ಬಾರ್ ಮುಖ ಹುಳ್ಳಗಾಗಿತ್ತು. ನಟನೆಯೆಂದರೆ ಇದು ಅಂದುಕೊಂಡ ಡೆವೇನ್.

ಮನೆಯಲ್ಲಿ ಹೆಂಡತಿ ನುವಾಲಾ ಸೋತ ಕುದುರೆಗೆ ಸೊನ್ನೆ ಹಾಕುವ ರೇಸಿನ ಪತ್ರಿಕೆ ತಂದು ಮುಖಕ್ಕೆ ಹಿಡಿದಳು. "ಮೂರು ಓಟ, ಮೂರು ಸೊನ್ನೆ. ಇದನ್ನ ನಂಬಿ ಹಾಲು ಕೊಡೋ ಹಸುಗಳನ್ನ ಮಾರ್ತೀಯಾ?"

"ಅಯ್ಯೋ ಪೆದ್ದಿ, ಆ ಸೊನ್ನೆ ಬರೆಸಿದ್ದೇ ನಾನು!"

"ಸೋತ್ರೆ ಕುದುರೆ ಸಹವಾಸ ಬಿಟ್ಟು ನಮ್ಮಣ್ಣನ ಅಂಗಡೀಲಿ ಮೀನು ಹೆಚ್ಬೇಕು, ನೋಡು."

"ನಿಮ್ಮಣ್ಣನ ಅಂಗಡೀನೇ ಕೊಂಡ್ಕೊಳ್ತೀನಿ, ಹೋಗೇ."

ಸೋತರೆ ಹಾಗೇ ಆಗಲಿ ಎಂದು ಮಾತೂ ಕೊಟ್ಟೇಬಿಟ್ಟ. ಲಾಯ ಬಿಟ್ಟರೆ ಅವನಿಗೆ ಬೇರೆ ಪ್ರಪಂಚವಿರಲಿಲ್ಲ. ಮೀನಿನ ವಾಸನೆಗೇ ವಾಕರಿಕೆ ಬರುತ್ತಿತ್ತು.

ಯಾರಿಗೂ ಹೇಳಬಾರದ ಗುಟ್ಟನ್ನು ಊರ ಪಬ್ಬಿನಲ್ಲಿ ನಮ್ಮ ಒಬ್ಬೊಬ್ಬರ ಕಿವಿಯಲ್ಲೂ ಊದಿದ. ಐರ್ಲೆಂಡಿನ ಕೆರ್ರಿ ಸೀಮೆಯ ನಾವೇನು ಕಡಿಮೆ ಜಾಣರೇ? ಹಿಂದಿನ ಓಟ ನೋಡಿ ದುಡ್ಡು ಕಟ್ಟುವವರು ದಡ್ಡರು, ಒಳಗುಟ್ಟು ಬಲ್ಲವರು ನಾವು ಎಂದು ಬಿಯರ್ ಲೋಟ ಎತ್ತಿ, ಇದ್ದಬದ್ದದ್ದನ್ನೆಲ್ಲ ಬ್ರಿಜೀ ಮೇಲೆ ಸುರಿದೆವು.

ಸೆಪ್ಟೆಂಬರ್ ಬಂತು. ಜೀನಿನ ಮೇಲೆ ಕೂತ ಫಿನ್‌ಬಾರನ ಮಂಡಿ ತಟ್ಟಿ ಡೆವೇನ್ ಕಣ್ಣು ಹೊಡೆದ. "ಇವತ್ತು ಹಿಡೀಬೇಡ, ಬಿಟ್ಬಿಡು."

"ನೀವೂ ಕಟ್ಟಿದ್ದೀರಾ ಯಜಮಾನ್ರೇ?"

"ಹಸುಗಳನ್ನ ಮಾರಿದ ದುಡ್ಡಷ್ಟನ್ನೂ!"

ಫಿನ್‌ಬಾರ್ ಎದೆಯ ಮೇಲೆ ಶಿಲುಬೆ ಬರೆದುಕೊಂಡ.

ಬ್ರಿಜೀ ಎಲ್ಲಕ್ಕಿಂತ ಕಡೆಯಲ್ಲಿ ಬಂತು.

ನಾವು ಬಾಯಿ ತೆರೆದವರು ಮುಚ್ಚಲಿಲ್ಲ. ನುವಾಲಾ ಚೀಲದಿಂದ ಮೀನಂಗಡಿಯ ಏಪ್ರನ್ ತೆಗೆದು ಗಂಡನ ಹೆಗಲಿಗೆ ಹಾಕಿದಳು. ಅದನ್ನು ಹೊತ್ತುಕೊಂಡೇ ಡೆವೇನ್ ಓಡಿಹೋಗಿ ಲಗಾಮು ಹಿಡಿದ. "ಪಾಪಿ! ಇವತ್ತೂ ಯಾಕೋ ಹಿಡ್ಕೊಂಡೆ?"

"ಹಿಡ್ಕೊಂಡಿದ್ದು ಯಾವಾಗ ಯಜಮಾನ್ರೇ? ನೀವು ಹಿಡಿ ಅಂತಿದ್ರಲ್ಲ, ಬಿಟ್ರೆ ಗೆಲ್ಲೋ ಕುದುರೆನೇ ಇರಬೇಕು ಅಂದ್ಕೊಂಡು, ಆ ಮೂರು ಸಲವೂ ನಿಮಗೆ ಗೊತ್ತಾಗದ ಹಾಗೆ ನನ್ನ ಸಂಬಳವೆಲ್ಲ ಇದರ ಮೇಲೇ ಕಟ್ಟಿ, ಜೀವ ಬಿಟ್ಟು ಓಡಿಸಿದ್ದೆ."