ತಿಪ್ಪೆಗೆ ಬಿದ್ದ ಮಾತ್ರೆ

ಸೊಸೆ ನಯನ ಮಾತ್ರೆಯ ಡಬ್ಬಿಯನ್ನು ತಿಪ್ಪೆಗೆ ಎಸೆದದ್ದನ್ನು ಶಕುಂತಲಮ್ಮ ಕಣ್ಣಾರೆ ಕಂಡರು. ಬಿಳಿಯ ದಪ್ಪ ಮಾತ್ರೆ. ಮಗ ದುಷ್ಯಂತನ ಮೂಳೆ ಗಟ್ಟಿಯಾಗಲೆಂದು ಕೊಟ್ಟದ್ದು.

“ಯಾಕೆ ಎಸ್ದೆ?”

“ಡಾಕ್ಟ್ರು ನಿಲ್ಸಿ ಅಂದ್ರು ಅತ್ತೆ.”

“ಬರ್ಕೊಟ್ಟೋರೇ ಬೇಡ ಅಂತಾರೇನೇ?”

ನಯನ ಒಳಗೆ ಹೋದಳು. ಯಗಟಿಯಿಂದ ಕಡೂರಿಗೆ ಹೋಗಿ ಡಾಕ್ಟರನ್ನು ಕಂಡು ಬರುವವಳು ಅವಳೊಬ್ಬಳೇ. ಅವರು ಏನು ಹೇಳಿದರೋ, ಕೇಳಿದವಳೂ ಅವಳೊಬ್ಬಳೇ.

ದುಷ್ಯಂತ ತರೀಕೆರೆ-ಅಜ್ಜಂಪುರ ಬಸ್ಸಿನ ಕಂಡಕ್ಟರ್. ಮೂರು ವರ್ಷದ ಹಿಂದೆ ಅವನ ಎರಡೂ ಕಿಡ್ನಿ ಕೆಟ್ಟಾಗ ಶಕುಂತಲಮ್ಮ ತಮ್ಮದೊಂದನ್ನು ಕೊಟ್ಟಿದ್ದರು. ಮತ್ತೆ ಡ್ಯೂಟಿಗೂ ಹೋಗಿದ್ದ. ಈಗ ತೊಡೆಯ ಮೇಲೆ ಬಲೆ ಹಾಸಿದಂತೆ ನೀಲಿ ಗೆರೆ. ಪಂಚೆ ಸೋಕಿದರೂ ಪ್ರಾಣ ಹೋಗುವ ನೋವು. ಹಾಸಿಗೆ ಬಿಟ್ಟು ಏಳಲಾರ.

ಮಾತ್ರೆ ತಿಪ್ಪೆಗೆ ಬಿದ್ದಂದಿನಿಂದ ಮಗನ ಊಟವನ್ನು ಶಕುಂತಲಮ್ಮ ಸೊಸೆಯ ಕೈಗೆ ಬಿಡಲಿಲ್ಲ. ದಿನವೂ ಬಟ್ಟಲು ಹಿಡಿದು ದೇವರ ಮುಂದೆ ಒಬ್ಬರೇ ನಿಂತು, ಮೊಸರಿನಲ್ಲಿ ಬೆರಳಾಡಿಸುತ್ತ, “ನನ್ ಮಗನ್ನ ಗಟ್ಟಿ ಮಾಡಪ್ಪಾ” ಎಂದು ಬೇಡುವರು. ಬೆರಳನ್ನು ಸೆರಗಿಗೆ ಒರೆಸಿಕೊಂಡು ತಾವೇ ಉಣಿಸುವರು. ಗಂಡ ತೀರಿದಂದೇ ಎಲೆಯಡಿಕೆ ಬಿಟ್ಟಿದ್ದರೂ ಅದರ ಚೀಲ ಮಾತ್ರ ಅವರ ಸೊಂಟ ಬಿಟ್ಟಿರಲಿಲ್ಲ.

“ನಿನ್ ಕಿಡ್ನಿ ಅಲ್ವೇನವ್ವ, ನಿನ್ ಮೊಸರನ್ನೇ ಕೇಳ್ತದೆ,” ಎಂದು ದುಷ್ಯಂತ ನಗುವನು.

ಎರಡು ತಿಂಗಳಲ್ಲಿ ಗೆರೆಗಳು ಕಪ್ಪು ಹುಣ್ಣಾದವು. ನಗು ನಿಂತಿತು. ಆಂಬುಲೆನ್ಸಿನಲ್ಲಿ ಕಡೂರಿಗೆ ತಂದರು. ಡಾಕ್ಟರು ಹುಣ್ಣಿನ ಬಟ್ಟೆ ಸರಿಸಿ ನೋಡಿ, ಹೊರಗೆ ಬಂದರು.

“ಮೈಗೆಲ್ಲ ನಂಜೇರಿದೆ. ಇನ್ನು ನಮ್ಮ ಕೈಲಿಲ್ಲ.”

ಶಕುಂತಲಮ್ಮ ಸೊಸೆಯತ್ತ ಬೆರಳು ಚಾಚಿದರು. “ಇವಳೇ ಸ್ವಾಮಿ. ಮೂಳೆ ಮಾತ್ರೆ ತಿಪ್ಪೆಗೆ ಎಸೆದ್ಲು. ನಾನೇ ನೋಡಿದೀನಿ.”

“ನಿಲ್ಸೋಕೆ ಹೇಳಿದ್ದು ನಾನೇ ಕಣಮ್ಮ. ರಕ್ತನಾಳದೊಳಗೆ ಸುಣ್ಣ ಕಟ್ಟೋ ಕಾಯಿಲೆ ಇದು. ಕಿಡ್ನಿ ಹಾಕಿಸ್ಕೊಂಡೋರಲ್ಲಿ ಎಲ್ಲೋ ಒಬ್ಬರಿಗೆ ಬರುತ್ತೆ. ಆ ಮಾತ್ರೇಲಿ ಇರೋದೂ ಸುಣ್ಣದಂಶವೇ. ನಿಲ್ಸಿದ ಮೇಲೆ ಇಳೀಬೇಕಿತ್ತು. ಇವನ ರಕ್ತದಲ್ಲಿ ಏರ್ತಾನೇ ಇದೆ. ಎಲ್ಲಿಂದ ಬರ್ತಿದೆಯೋ ನನಗೆ ತಿಳೀತಿಲ್ಲ.”

ನಯನ ಅಳಲಿಲ್ಲ. ಅತ್ತೆಯ ಬೆರಳನ್ನೇ ನೋಡುತ್ತಿದ್ದಳು.

ಚಾಚಿದ ಆ ಬೆರಳಿನ ಉಗುರಿನೊಳಗೆ, ಎಸೆದ ಮಾತ್ರೆಯ ಬದಲಿಗೆ ಆ ಬೆಳಗ್ಗೆಯೂ ಮೊಸರಿಗೆ ಕದಡಿದ ಎಲೆಯಡಿಕೆಯ ಸುಣ್ಣ ಬೆಳ್ಳಗೆ ಅಂಟಿಕೊಂಡಿತ್ತು.