ಗುಟ್ಟು ಬಿಟ್ಟುಕೊಟ್ಟವರು

ಸಾಹೇಬರು ಮೆಟ್ಟಿಲ ಮಧ್ಯದಲ್ಲಿ ನಿಂತು ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡರು. ಮೇಲೆ, ಸೈಕಲ್ ರಿಪೇರಿ ಅಂಗಡಿಯ ನೆತ್ತಿಯ ಮೇಲಿನ ಕೋಣೆಯಲ್ಲಿ, ಯಾರೋ ಗಟ್ಟಿಯಾಗಿ ನಕ್ಕರು. ಹುಲಿಯ ಗವಿಗೆ ತಾನಾಗಿಯೇ ಹೊರಟ ಕುರಿಯ ಪಾಡು ಅವರದು.

"ಇನ್ನೂ ಎಷ್ಟು ಹೊತ್ತು ಹೀಗೇ ನಿಂತಿರ್ತೀರಿ?" ಹಿಂದಿನಿಂದ ಹೆಂಡತಿ ಪಿಸುಗುಟ್ಟಿದರು. "ನನ್ನ ಕಣ್ಣು ಪೂರ್ತಿ ಹೋದಮೇಲೆ ಹತ್ತೋಣ ಅಂತಾನಾ?"

ಆಕೆಯ ಕಣ್ಣಿನ ಶಸ್ತ್ರಚಿಕಿತ್ಸೆ ಎರಡು ಬಾರಿ ಮುಂದಕ್ಕೆ ಹೋಗಿತ್ತು. ನಿವೃತ್ತರಾಗಿ ಏಳು ತಿಂಗಳಾದರೂ ಸಾಹೇಬರ ಪಿಂಚಣಿ ಬಂದಿರಲಿಲ್ಲ. ನಿಯಮ ಸಮೇತ ಅವರು ಒಂಟಿಯಾಗಿ ಬರೆದ ಪತ್ರಗಳಿಗೆ ಕಚೇರಿ ಉತ್ತರವನ್ನೇ ಕೊಟ್ಟಿರಲಿಲ್ಲ. ಪಿಂಚಣಿದಾರರ ಪರವಾಗಿ ಬಿಟ್ಟಿ ದುಡಿಯುವ ಈ ಸ್ವಯಂಸೇವಕರ ಸಂಘವನ್ನು ಬಿಟ್ಟರೆ ಬೇರೆ ಗತಿಯಿರಲಿಲ್ಲ.

ತೊಂದರೆಯೇನೆಂದರೆ, ಇಪ್ಪತ್ತಮೂರು ವರ್ಷ ಅದೇ ಪಿಂಚಣಿ ಕಚೇರಿಯ ಹಿಂದಿನ ಕೋಣೆಯಲ್ಲಿ ಪರಿಶೀಲನಾಧಿಕಾರಿಯಾಗಿ ಕುಳಿತು ಅರ್ಜಿಗಳನ್ನು ತಿರಸ್ಕರಿಸಿದವರು ಸ್ವತಃ ಸಾಹೇಬರೇ. ಹೊರಗಿನವರು ಅವರ ಮುಖ ಕಂಡವರಲ್ಲ. ಪತ್ರಗಳ ಕೆಳಗೆ ಹುದ್ದೆಯ ಹೆಸರು, ಅದರ ಮೇಲೊಂದು ಗೀಚು, ಅಷ್ಟೇ. ಒಂದು ಹೆಮ್ಮೆ ಮಾತ್ರ ಅವರಿಗಿತ್ತು. ಉಳಿದ ಅಧಿಕಾರಿಗಳು ಒಂದೇ ಪದದಲ್ಲಿ ಅರ್ಜಿಯನ್ನು ಮುಗಿಸುತ್ತಿದ್ದರು. ಸಾಹೇಬರು ಹಾಗಲ್ಲ. ಇಲ್ಲ ಅನ್ನುವುದಕ್ಕೂ ಒಂದು ಮರ್ಯಾದೆ ಬೇಡವೇ?

ಈ ಸಂಘ ಹುಟ್ಟಿದ ಮೇಲೆ ಅವರ ನಿದ್ದೆ ಕೆಟ್ಟಿತ್ತು. ಚಾಲಕರು, ದಾದಿಯರು, ಕಾವಲುಗಾರರು ಬರೆದ ಮೇಲ್ಮನವಿಗಳಲ್ಲಿ ವಕೀಲರೂ ಕಾಣದ ಉಪನಿಯಮಗಳು ತಲೆಯೆತ್ತುತ್ತಿದ್ದವು. ಒಳಗಿನವರೇ ಯಾರೋ ಗುಟ್ಟು ಬಿಟ್ಟುಕೊಡುತ್ತಿದ್ದಾರೆ! ಸಾಹೇಬರ ಅನುಮಾನ ತಮ್ಮ ಸಹಾಯಕನ ಮೇಲೆ ಕುಳಿತಿತು. ಅವನನ್ನು ದೂರದ ಶಾಖೆಗೆ ಎತ್ತಂಗಡಿ ಮಾಡಿಸಿದರು. ಅವನು ಅತ್ತ. ಕಳ್ಳನ ಕಣ್ಣೀರು ಎಂದುಕೊಂಡರು. ಮೇಲ್ಮನವಿಗಳು ಮಾತ್ರ ನಿಲ್ಲಲಿಲ್ಲ. ಎಂಥ ಗಟ್ಟಿಗ, ಅಲ್ಲಿಂದಲೂ ಬರೆಯುತ್ತಿದ್ದಾನೆ ಎಂದು ಹಲ್ಲು ಕಡಿದರು.

"ಬನ್ನಿ ಯಜಮಾನ್ರೇ, ಬನ್ನಮ್ಮಾ!" ಕೋಣೆಯೊಳಗಿಂದ ನಿವೃತ್ತ ಬಸ್ ಚಾಲಕರೊಬ್ಬರ ಸ್ವರ ಮೊಳಗಿತು. ಆ ಸ್ವರಕ್ಕೇ ಅವರಿಗೆ ಹಾರ್ನ್ ಮಾವ ಎಂದು ಹೆಸರು. ಪಕ್ಕದಲ್ಲಿ ನಿವೃತ್ತ ದಾದಿ, ಎಲ್ಲರ ಬಾಯಲ್ಲಿ ಸಿಸ್ಟರಕ್ಕ, ಲಕೋಟೆಗಳಿಗೆ ಅಂಟು ಹಚ್ಚುತ್ತಿದ್ದರು.

"ಯಾವ ಇಲಾಖೆ ನಿಮ್ದು?" ಹಾರ್ನ್ ಮಾವ ಕೇಳಿದರು.

"ಉಗ್ರಾಣ," ಎಂದರು ಸಾಹೇಬರು. ಹೆಂಡತಿ ಕೆಮ್ಮಿದರು.

ಹಾರ್ನ್ ಮಾವ ಆಕ್ಷೇಪಣೆಯ ಪತ್ರವನ್ನು ಓದಿದರು. ಹನ್ನೆರಡು ವರ್ಷದ ಹಿಂದಿನ ರಜೆಯ ನಮೂದಿಗೆ ಸೇವಾ ಪುಸ್ತಕದಲ್ಲಿ ಮೇಲಧಿಕಾರಿಯ ಸಹಿಯಿಲ್ಲ. ಆದ್ದರಿಂದ ಪಿಂಚಣಿಗೆ ತಡೆ.

"ಅಯ್ಯೋ, ಇಷ್ಟೇನಾ! ಒಂದೇ ಸಾಲು ಗೀಚಿ ಕಳಿಸಿದ್ದಾನಲ್ಲ ಈ ಹೊಸಬ. ಹಳಬರ ಕೆಲಸದ ರುಚಿಯೇ ಬೇರೆ ಬಿಡಿ." ಹಾರ್ನ್ ಮಾವ ಕನ್ನಡಕ ಏರಿಸಿದರು. "ನಿಯಮ ನಲವತ್ತೊಂದು, ಉಪನಿಯಮ ಏಳು. ಪುಸ್ತಕ ಕಚೇರಿಯವರ ಕೈಯಲ್ಲಿರುತ್ತೆ. ಅವರು ಸಹಿ ಮರೆತರೆ ನೌಕರ ಹೊಣೆಯಲ್ಲ. ತಿಂಗಳೊಳಗೆ ನಿಮ್ಮ ಪಿಂಚಣಿ ಮನೆಗೆ ಬರುತ್ತೆ. ಅಮ್ಮಾ, ಆಸ್ಪತ್ರೇಲಿ ದಿನ ಗೊತ್ತು ಮಾಡ್ಕೊಳ್ಳಿ."

ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಸಾಹೇಬರ ಬೆನ್ನು ಮಾತ್ರ ಸೆಟೆಯಿತು. ಉಪನಿಯಮ ಏಳು! ಇಡೀ ಕಚೇರಿಯಲ್ಲಿ ಅದನ್ನು ಬಲ್ಲವರು ಇಬ್ಬರೇ: ತಾವು ಮತ್ತು ಸಹಾಯಕ. ಕಳ್ಳ ಸಿಕ್ಕಿಬಿದ್ದ.

"ಬಸ್ ಓಡಿಸಿದವರಿಗೆ ಇದೆಲ್ಲ ಹೇಗೆ ಗೊತ್ತು?" ಎಂದು ಮೆಲ್ಲಗೆ ಕೆದಕಿದರು.

"ನಮಗೊಬ್ಬರು ಗುರುಗಳಿದ್ದಾರೆ."

"ಕಚೇರಿಯವರಾ?"

ಇಬ್ಬರೂ ಮುಖ ಮುಖ ನೋಡಿಕೊಂಡರು. ಸಿಸ್ಟರಕ್ಕ ನಕ್ಕರು. "ಒಳಗಿನವರೇ ಅನ್ನಿ. ಮುಖ ನೋಡಿಲ್ಲ, ಹೆಸರೂ ಗೊತ್ತಿಲ್ಲ. ಎಲ್ಲ ಪಾಠವೂ ಅಂಚೆಯಲ್ಲೇ. ನೀವು ಎಲ್ಲಿ ಎಡವಿದಿರಿ, ಎಲ್ಲಿ ಕಾಲಿಟ್ಟಿದ್ದರೆ ಎಡವುತ್ತಿರಲಿಲ್ಲ ಅಂತ ಅಷ್ಟು ಬಿಡಿಸಿ ಹೆತ್ತ ತಾಯಿಯೂ ಹೇಳಲ್ಲ. ಒಂದು ಸಲ ಕಾಲಿಗೆ ಬೀಳ್ಬೇಕು ಅಂತ ನನಗಾಸೆ."

"ನನಗೆ ಬೇರೆ ಆಸೆ," ಹಾರ್ನ್ ಮಾವ ಗುಡುಗಿದರು. "ಮೊದಲು ಎರಡು ಬಾರಿಸಿ, ಆಮೇಲೆ ಕಾಲಿಗೆ ಬೀಳ್ಬೇಕು."

ಆ ಮಾತಿನ ತಲೆಬುಡ ಸಾಹೇಬರಿಗೆ ತಿಳಿಯಲಿಲ್ಲ. ತಲೆಯಲ್ಲಿ ಒಂದೇ ಲೆಕ್ಕಾಚಾರ: ಸಹಾಯಕನ ಕೈಬರಹದ ಒಂದು ತುಣುಕು ಸಿಕ್ಕರೆ ಸಾಕು, ತಾವು ನಿವೃತ್ತರಾದರೂ ಅವನ ಕೆಲಸಕ್ಕೆ ಸಂಚಕಾರ ತರಬಹುದು.

"ಆ ಪತ್ರಗಳನ್ನ ನೋಡಬಹುದಾ?"

"ಸುಮ್ನೆ ಬಂದ ಕೆಲಸ ನೋಡ್ರಿ," ಹೆಂಡತಿ ಮೊಣಕೈಯಿಂದ ತಿವಿದರು.

"ನೋಡ್ಲಿ ಬಿಡಮ್ಮ, ಬಚ್ಚಿಡೋದೇನಿದೆ?" ಸಿಸ್ಟರಕ್ಕ ಕಪಾಟಿನಿಂದ ದಪ್ಪ ರಟ್ಟಿನ ಪುಸ್ತಕವೊಂದನ್ನು ಎರಡೂ ಕೈಯಲ್ಲಿ ಎತ್ತಿ ತಂದರು. "ಒಬ್ಬೊಬ್ಬರ ಮನೆಯಿಂದ ಒಂದೊಂದು ಬೇಡಿ ತಂದು ಹೊಲಿಸಿದ್ದು. ನಮ್ಮ ಪಾಲಿನ ಕಾನೂನು ಇದೇ."

ಸಾಹೇಬರು ತೆರೆದರು. ಸಹಾಯಕನ ಓರೆ ಅಕ್ಷರಗಳನ್ನು ಹುಡುಕಿದ ಕಣ್ಣಿಗೆ ಸಿಕ್ಕಿದ್ದು ಟೈಪಾದ ಸಾಲು: 'ತಮ್ಮ ಮನವಿಯನ್ನು ಈ ಕೆಳಕಂಡ ಕಾರಣಗಳಿಗಾಗಿ ತಿರಸ್ಕರಿಸಲಾಗಿದೆ.' ಕಾರಣಗಳು ಎರಡು ಪುಟ. ನಿಯಮ, ಉಪನಿಯಮ, ವಿನಾಯಿತಿ, ಎಲ್ಲ ಸವಿಸ್ತಾರ. ಹಾಳೆ ತಿರುವಿದರು. ಮತ್ತೊಂದು ತಿರಸ್ಕಾರ, ಮತ್ತೆರಡು ಪುಟ. ಮುನ್ನೂರ ಹನ್ನೆರಡು ಪತ್ರಗಳು. ಒಂದೊಂದರ ಕೆಳಗೂ ಅವರದೇ ಗೀಚು.

"ಅದನ್ನ ಆಮೇಲೆ ಓದಿ ಯಜಮಾನ್ರೇ," ಹಾರ್ನ್ ಮಾವ ಮೇಲ್ಮನವಿಯನ್ನೂ ಪೆನ್ನನ್ನೂ ಮುಂದಕ್ಕೆ ತಳ್ಳಿದರು. "ಮೊದಲು ಇಲ್ಲೊಂದು ಸಹಿ ಹಾಕಿ."