ಆರು ಹಾಸಿಗೆಗೊಬ್ಬ ನರ್ಸ್

ರೇಡಿಯೋದಲ್ಲಿ ಬೆಳಗಿನ ಪ್ರದೇಶ ಸಮಾಚಾರ ಶುರುವಾದಾಗ ವಾರ್ಡಿಗೆ ಒಬ್ಬಳೇ ನರ್ಸ್ ಆಗಿದ್ದ ಯಶೋಧಾ ಮೂವತ್ತೊಂದನೇ ಹಾಸಿಗೆಯ ರೋಗಿಗೆ ಡ್ರಿಪ್ ಹಾಕುತ್ತಿದ್ದಳು. ಆರು ಹಾಸಿಗೆಗೊಬ್ಬ ನರ್ಸ್ ಇರಬೇಕೆಂಬ ಮಸೂದೆಗಾಗಿ ಐದು ಅಧಿವೇಶನಗಳಿಂದ ಕಿವಿಗೊಟ್ಟು ಕಾಯುತ್ತಿದ್ದವಳು ಅವಳು. ನಿನ್ನೆ ವಿಧಾನಸಭೆಯಲ್ಲಿ ಅದೇನಾಯಿತೆಂದು ಕೇಳಿಸಿಕೊಳ್ಳಲು, ಕಾಲು ಮುರಿದು ಮಲಗಿದ್ದ ಆದಿವಾಲದ ಕುರಿಗಾಹಿ ದೊಡ್ಡತಿಮ್ಮಪ್ಪನ ಕೈಗೆ ರೇಡಿಯೋ ಕೊಟ್ಟಿದ್ದಳು.

“ಸಿಸ್ಟರ್, ಬರ್ರಿ ಬರ್ರಿ! ನಿಮ್ದೇ ಹೇಳ್ತಾ ಅವ್ರೆ!” ಅವನ ಕೂಗಿಗೆ ಇಡೀ ವಾರ್ಡೇ ಎದ್ದು ಕುಳಿತಿತು. ಸೂಜಿಗೆ ಪ್ಲಾಸ್ಟರ್ ಅಂಟಿಸಿ ಅವಳು ಓಡಿ ಬರುವಷ್ಟರಲ್ಲಿ ರೇಡಿಯೋ ವಾಣಿವಿಲಾಸ ಸಾಗರದ ನೀರಿನ ಮಟ್ಟ ಹೇಳುತ್ತಿತ್ತು.

“ಏನಂದ್ರು ತಿಮ್ಮಪ್ಪಣ್ಣ?”

ಅವನ ಮುಖ ಸಪ್ಪಗಾಯಿತು. “ನಿಮ್ಮನ್ನ ಕೂಗೋದ್ರಾಗೆ ನಂಗೂ ಕೇಳಿಸ್ಲಿಲ್ಲ ಸಿಸ್ಟರ್.”

“ಮುಂದಿನ ಸಲಕ್ಕೆ ತಳ್ಳಿರ್ತಾರೆ, ಬಿಡಣ್ಣ,” ಎಂದು ರೇಡಿಯೋ ಆರಿಸಿ, ಯಶೋಧಾ ಮೂವತ್ತೆರಡನೇ ಹಾಸಿಗೆಯತ್ತ ಹೊರಟಳು.